ಕಾಡನ್ನುಟ್ಟ ಇಗರ್ಜಿಗಳು

ಕಳೆದ ವರ್ಷ ಒಂದು ರಾತ್ರಿ ನಮ್ಮೂರಿನ ನಾಗಬನವನ್ನು ಗೂಗಲ್ ನಕ್ಷೆಯಲ್ಲಿ ಹುಡುಕುತ್ತಿದ್ದೆ. ಪುಣೆಯಲ್ಲಿ ಕೂತು ಕುಂದಾಪುರದ ಕಡೆಯ ಮನೆ ನೋಡುವುದು ನನ್ನ ಹಳೆಯ ಚಾಳಿ. ಕಾನ್ಫರೆನ್ಸ್ ಕಾಲ್‌ನಲ್ಲಿ ಅಮೆರಿಕದವರು ತಮ್ಮತಮ್ಮೊಳಗೆ ಚರ್ಚೆಗಿಳಿದಾಗ ಮ್ಯೂಟ್ ಒತ್ತಿ, ಉಪಗ್ರಹದ ಚಿತ್ರದಲ್ಲಿ ತೋಟ, ಹೊಳೆ, ಶಾಲೆ ಅಂತ ಒಂದು ಸುತ್ತು ಹಾಕಿ ಬರುತ್ತೇನೆ. ಆ ರಾತ್ರಿ ಬನ ಇರಬೇಕಾದ ಜಾಗದಲ್ಲಿ ಬೆಳ್ಳಗಿನ ಒಂದು ಚೌಕ ಕಂಡಿತು. ಎರಡು ವರ್ಷದ ಹಿಂದೆ ಕುಟುಂಬದವರೆಲ್ಲ ಸೇರಿ ಬನದ ಜೀರ್ಣೋದ್ಧಾರ ಮಾಡಿಸಿದ್ದರು. ನಾನೂ ಐದು ಸಾವಿರ ಕಳಿಸಿದ್ದೆ. ಆದರೆ ಕಳಿಸಿದ ದುಡ್ಡು ಮೇಲಿನಿಂದ ಹೇಗೆ ಕಾಣುತ್ತದೆ ಎಂದು ನೋಡಿದ್ದು ಅದೇ ಮೊದಲು.

ನಮ್ಮ ತಂಡದಲ್ಲಿ ಕೊಟ್ಟಾಯಂ ಕಡೆಯವರೊಬ್ಬರಿದ್ದಾರೆ, ಮಲಂಕರ ಆರ್ಥೊಡಾಕ್ಸ್ ಸಭೆಯವರು. ಮರುದಿನ ಊಟದ ಹೊತ್ತಿಗೆ ಈ ಮಾತು ಬಂದಾಗ ಅವರು, ‘ನಿಮ್ಮ ಬನ ಇರಲಿ, ಇಥಿಯೋಪಿಯಾದಲ್ಲಿ ಟಾನಾ ಸರೋವರದ ಪೂರ್ವಕ್ಕೆ ಒಮ್ಮೆ ನಕ್ಷೆ ಸರಿಸಿ ನೋಡಿ. ನಮ್ಮ ಸಭೆಯ ನೆಂಟರು ಅವರು’ ಅಂದರು. ನೋಡಿದೆ. ನೀಲಿ ನೈಲ್ ಹುಟ್ಟುವ ಆ ಸರೋವರದ ಪೂರ್ವದಲ್ಲಿ ದಕ್ಷಿಣ ಗೊಂಡರ್ ಎಂಬ ಸೀಮೆ ಇದೆ. ಮಳೆಗಾಲ ಕಳೆದ ಮೇಲೆ ತೆಗೆದ ಚಿತ್ರವಾದರೆ ಕಣ್ಣು ಹಾಯುವಷ್ಟೂ ಕಂದು ಹೊಲ. ಗದ್ದೆಬದುಗಳ ಗೀರು ಬಿಟ್ಟರೆ ಏನೂ ಇಲ್ಲ. ಆ ಕಂದಿನ ನಡುವೆ ಅಲ್ಲಲ್ಲಿ ದುಂಡನೆಯ, ಕಡು ಹಸಿರಿನ ಬೊಟ್ಟುಗಳು. ಒಂದನ್ನು ಹತ್ತಿರಕ್ಕೆ ಎಳೆದರೆ ನಟ್ಟನಡುವೆ ಇನ್ನೊಂದು ದುಂಡು ಹೊಳೆಯುತ್ತದೆ. ಅದು ತಗಡಿನ ಮಾಡು. ಇಗರ್ಜಿಯದು. ಆ ಒಂದು ಸೀಮೆಯಲ್ಲೇ ಇಂಥವು ಸಾವಿರದಷ್ಟಿವೆ. ಅಂದಿನಿಂದ ಹಲವು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದೆ. ಈ ಬರಹ ಆ ಓದಿನದು.

ಇಥಿಯೋಪಿಯಾದ ಆರ್ಥೊಡಾಕ್ಸ್ ತೆವಾಹೆದೊ ಸಭೆ ಜಗತ್ತಿನ ಹಳೆಯ ಕ್ರೈಸ್ತ ಸಭೆಗಳಲ್ಲೊಂದು. ನಾಲ್ಕನೆಯ ಶತಮಾನದಲ್ಲಿ ಅಕ್ಸುಮಿನ ದೊರೆ ಎಜಾನಾ ಕ್ರೈಸ್ತನಾದ. ಅವನ ನಾಣ್ಯಗಳ ಮೇಲಿದ್ದ ಅರ್ಧಚಂದ್ರ ಹೋಗಿ ಶಿಲುಬೆ ಬಂತು. ಯುರೋಪಿನ ಬಹುಪಾಲು ಆಗಿನ್ನೂ ಓಕ್ ಮರದ ಕೆಳಗೆ ಬಲಿ ಕೊಡುತ್ತಿತ್ತು. ಹಾಗಾಗಿ ಇದು ಮಿಷನರಿಗಳು ಹಡಗಿನಲ್ಲಿ ತಂದಿಳಿಸಿದ ಧರ್ಮವಲ್ಲ. ಮಣ್ಣಿಗೆ ಇಳಿಯಲು ಅದಕ್ಕೆ ಹದಿನಾರು ಶತಮಾನಗಳ ಸಮಯ ಸಿಕ್ಕಿದೆ.

ಅಲ್ಲಿನ ಹಳ್ಳಿಯ ಇಗರ್ಜಿಗಳ ಕಟ್ಟೋಣ ನಮ್ಮ ಕಣ್ಣಿಗೆ ಹೊಸದೆನ್ನಿಸುವುದಿಲ್ಲ. ನಟ್ಟನಡುವೆ ಮಕ್ದೆಸ್, ಅಂದರೆ ಗರ್ಭಗುಡಿ. ಅದರೊಳಗೆ ತಾಬೊತ್. ಮೋಶೆಗೆ ದೇವರು ಕೊಟ್ಟ ಆಜ್ಞೆಗಳ ಹಲಗೆಯ ಪ್ರತಿರೂಪ ಅದು. ಮರದ್ದೋ ಕಲ್ಲಿನದೋ ಆಗಿರುತ್ತದೆ. ಅದಿಲ್ಲದಿದ್ದರೆ ಎಷ್ಟು ದೊಡ್ಡ ಕಟ್ಟಡ ಕಟ್ಟಿದರೂ ಇಗರ್ಜಿ ಅನ್ನಿಸಿಕೊಳ್ಳುವುದಿಲ್ಲ. ಪೂಜಾರಿಗಳ ಹೊರತು ಯಾರೂ ಅದನ್ನು ನೋಡುವಂತಿಲ್ಲ. ಜನವರಿಯ ತಿಮ್ಕತ್ ಹಬ್ಬಕ್ಕೆ ಅದು ಹೊರಗೆ ಬರುತ್ತದೆ, ಆಗಲೂ ಜರಿಬಟ್ಟೆ ಹೊದೆದುಕೊಂಡೇ. ಮಕ್ದೆಸಿನ ಸುತ್ತ ಕಿದ್ದಿಸ್ತ್ ಎಂಬ ಇನ್ನೊಂದು ಸುತ್ತು, ಅಲ್ಲಿ ಪ್ರಸಾದ ಕೊಡುತ್ತಾರೆ. ಅದರ ಹೊರಗೆ ಮೂರನೆಯ ಸುತ್ತು, ಹಾಡುವವರದು. ಆಮೇಲೆ ಅಂಗಳ. ಅಂಗಳದಾಚೆ ಮರಗಳು. ಹೀಗೆ ಒಳಗಿನ ಹಲಗೆಯಿಂದ ಹೊರಗಿನ ಕಾಡಿನವರೆಗೂ ಹೊದಿಕೆಯ ಮೇಲೆ ಹೊದಿಕೆ. ಮರಗಳು ಇಗರ್ಜಿಯ ಉಡುಪು, ಅವಿಲ್ಲದಿದ್ದರೆ ಇಗರ್ಜಿ ಬೆತ್ತಲೆ ಎಂದು ಅಲ್ಲಿನ ಪಾದ್ರಿಗಳು ಹೇಳುತ್ತಾರೆ. ಮೊದಲು ಓದಿದಾಗ ಇದೊಂದು ಚಂದದ ಮಾತು ಅಂದುಕೊಂಡಿದ್ದೆ. ನಕಾಶೆ ನೋಡಿದ ಮೇಲೆ ಅದು ಬರೀ ಉಪಮೆಯಲ್ಲ, ಕಟ್ಟಡದ ವಿವರಣೆಯೂ ಹೌದು ಅನ್ನಿಸಿತು.

ಇನ್ನೊಂದು ಸಂಗತಿ ಇದೆ. ಉಪವಾಸ ಮುರಿದವರು, ಮುಟ್ಟಾದ ಹೆಂಗಸರು, ಹಿಂದಿನ ರಾತ್ರಿ ಗಂಡಹೆಂಡತಿ ಕೂಡಿದ್ದವರು ಒಳಗೆ ಹೋಗುವಂತಿಲ್ಲ. ಮಡಿಮೈಲಿಗೆಯ ಲೆಕ್ಕ ನಮ್ಮಲ್ಲಿಗಿಂತ ಸಡಿಲವೇನಲ್ಲ. ಹೀಗಾಗಿ ಭಾನುವಾರ ಬೆಳಿಗ್ಗೆ ಬಿಳಿ ಶಾಲು ಹೊದ್ದು ಬಂದವರಲ್ಲಿ ಬಹಳ ಜನ ನಿಲ್ಲುವುದು ಹೊರಗೆ, ಮರದ ಬುಡದಲ್ಲಿ. ಅವರ ಪಾಲಿಗೆ ಇಗರ್ಜಿ ಎಂದರೆ ಆ ನೆರಳೇ. ಮರದಡಿಯಲ್ಲೇ ಸಮಾಧಿಗಳು. ವೇದ ಕಲಿಯಲು ಮನೆ ಬಿಟ್ಟು ಬಂದು, ಭಿಕ್ಷೆ ಬೇಡಿ ಉಣ್ಣುವ ಹುಡುಗರ ಗುಡಿಸಲುಗಳೂ ಅಲ್ಲೇ. ಊರಿನ ಜಗಳ ತೀರುವುದು ಅಲ್ಲಿ, ತೀರ್ಥದ ಊಟೆ ಇದ್ದರೆ ರೋಗಿಗಳು ಬಂದು ಮೀಯುವುದೂ ಅಲ್ಲೇ.

ಮರಗಳಿಗೂ ಒಂದೊಂದು ಕೆಲಸವಿದೆ. ವೆಯ್ರಾ ಎಂಬ ಕಾಡು ಆಲಿವ್‌ನ ಹೊಗೆಯಲ್ಲಿ ಹಾಲಿನ ಗಡಿಗೆ, ಬಿಯರಿನ ಗಡಿಗೆಗಳನ್ನು ಹದ ಮಾಡುತ್ತಾರೆ. ಕೊಸ್ಸೊ ಮರದ ಹೂವು ಲಾಡಿಹುಳುವಿಗೆ ಔಷಧಿ. ಹಸಿ ಮಾಂಸ ತಿನ್ನುವ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. ನಮ್ಮ ಚಳ್ಳೆ ಮರದ ದಾಯಾದಿಯಾದ ವಾಂಜಾದಿಂದ ನಗಾರಿ, ಬಾಗಿಲು, ಪೀಠೋಪಕರಣ. ಇವುಗಳ ಜೊತೆಗೆ ಜುನಿಪರ್ ಮತ್ತು ಜಿಗ್ಬಾ. ಒಂದು ಕಾಲಕ್ಕೆ ಆ ಎತ್ತರದ ನಾಡಿನಲ್ಲಿ ಇದ್ದ ಮರಗಳೇ ಇವು. ಹೊಲದಲ್ಲಿ ಈಗ ಅವಿಲ್ಲ, ಇಗರ್ಜಿಯ ಸುತ್ತ ಇವೆ.

ಹೊಲದಿಂದ ಅವು ಹೋದದ್ದು ಯಾವಾಗ? ಇಲ್ಲಿ ಬಹಳ ಜನ ಎಡವಿದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಥಿಯೋಪಿಯಾದ ಶೇಕಡಾ 40 ಭಾಗ ಕಾಡಿತ್ತು, ಈಗ ಉಳಿದಿರುವುದು ಮೂರೋ ನಾಲ್ಕೋ ಎಂಬ ಲೆಕ್ಕ ದಶಕಗಟ್ಟಲೆ ವರದಿಯಿಂದ ವರದಿಗೆ ದಾಟುತ್ತಾ ಬಂತು. ಇತಿಹಾಸಕಾರ ಜೇಮ್ಸ್ ಮೆಕಾನ್ 1997ರಲ್ಲಿ ಈ ಅಂಕಿಯ ಬೆನ್ನು ಹತ್ತಿ ಹೋದರು. ಅದಕ್ಕೆ ಗಟ್ಟಿ ಆಧಾರವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗರ ಬರಹಗಳನ್ನು ಓದಿದರೆ ಉತ್ತರದ ಎತ್ತರದ ಸೀಮೆಗಳು ಆಗಲೇ ಬಹುಮಟ್ಟಿಗೆ ಬಯಲು. ಎರಡು ಎತ್ತು ಕಟ್ಟಿ ಹೂಡುವ ಮರೆಷಾ ಎಂಬ ನೇಗಿಲು ಅಲ್ಲಿ ಸಾವಿರಾರು ವರ್ಷಗಳಿಂದ ನೆಲ ಸೀಳುತ್ತಿದೆ. ಕಾಡು ಹೋದದ್ದು ನಮ್ಮ ಅಜ್ಜಂದಿರ ಕಾಲದಲ್ಲಿ ಒಮ್ಮೆಲೇ ಅಲ್ಲ. ತಲೆಮಾರಿನಿಂದ ತಲೆಮಾರಿಗೆ, ಹೊಲದಿಂದ ಹೊಲಕ್ಕೆ. ನನ್ನ ಕಸುಬಿನಲ್ಲೂ ಇಂಥ ಅಂಕಿಗಳನ್ನು ಕಂಡಿದ್ದೇನೆ. ಯಾರೋ ಒಂದು ಸ್ಲೈಡಿನಲ್ಲಿ ಅಂದಾಜಿಗೆ ಬರೆದದ್ದು ಮೂರನೆಯ ವರ್ಷಕ್ಕೆ ಸತ್ಯವಾಗಿರುತ್ತದೆ, ಬರೆದವನೇ ಅದನ್ನು ಉದ್ಧರಿಸುತ್ತಿರುತ್ತಾನೆ.

ಹಾಗಾದರೆ ಇಗರ್ಜಿಯ ಕಾಡುಗಳಾದರೂ ಕುಗ್ಗುತ್ತಿವೆಯೋ ಇಲ್ಲವೋ? ಇದಕ್ಕೆ ಉತ್ತರ ಸಿಕ್ಕಿದ್ದು ವಿಚಿತ್ರ ಜಾಗದಲ್ಲಿ. ಮುಸೊಲಿನಿಯ ಸೇನೆ 1936ರಿಂದ 1941ರವರೆಗೆ ಇಥಿಯೋಪಿಯಾವನ್ನು ಆಕ್ರಮಿಸಿಕೊಂಡಿತ್ತು. 1937ರ ಮೇ ತಿಂಗಳಲ್ಲಿ ದೆಬ್ರೆ ಲಿಬಾನೊಸ್ ಮಠದ ನೂರಾರು ಸನ್ಯಾಸಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದದ್ದು ಇದೇ ಸೇನೆ. ಅದೇ ಸೇನೆಯ ನಕ್ಷೆ ವಿಭಾಗ ವಿಮಾನದಿಂದ ಸಾವಿರಾರು ಚಿತ್ರಗಳನ್ನೂ ತೆಗೆಯಿತು. ದಾರಿ, ಹಳ್ಳ, ಗುಡ್ಡಗಳ ಜೊತೆಗೆ ಇಗರ್ಜಿಯ ಸುತ್ತಲಿನ ಮರಗಳೂ ಅವುಗಳಲ್ಲಿ ಸಿಕ್ಕಿಬಿದ್ದಿದ್ದವು. ಆಡಿಸ್ ಅಬಾಬಾದ ನಕ್ಷೆ ಕಚೇರಿಯಲ್ಲಿ ದಶಕಗಟ್ಟಲೆ ಮಲಗಿದ್ದ ಆ ಚಿತ್ರಗಳನ್ನು ಇತ್ತೀಚೆಗೆ ವಿದ್ವಾಂಸರು ಹೊರಗೆ ತೆಗೆದರು. ಅಮೆರಿಕದ ಕೋಲ್ಗೇಟ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಪೀಟರ್ ಸ್ಕಲ್ ಮತ್ತು ಜೊತೆಗಾರರು 1938ರ ದಕ್ಷಿಣ ಗೊಂಡರಿನ ಚಿತ್ರಗಳನ್ನು 2015ರ ಉಪಗ್ರಹದ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರು. ಎಲ್ಲರೂ ಹೆದರಿದ್ದಂತೆ ಕಾಡುಗಳು ಕುಗ್ಗಿರಲಿಲ್ಲ. ಸರಿಸುಮಾರು ಇದ್ದಲ್ಲೇ ಇದ್ದವು. ಬದಲಾದದ್ದು ಬೇರೆ. 1938ರಲ್ಲಿ ಕಾಡಿನ ಅಂಚಿಗೂ ಹೊಲಕ್ಕೂ ನಡುವೆ ಪೊದೆ, ಕುರುಚಲು ಇತ್ತು. ಈಗ ಅದಿಲ್ಲ, ನೇಗಿಲು ಮರದ ಬುಡದವರೆಗೆ ಬಂದಿದೆ. ಒಳಗಿನ ಮರಗಳೂ ತೆಳುವಾಗಿವೆ. ಕೆಲವೆಡೆ ಹಸಿರು ಹಾಗೆಯೇ ಕಾಣುವುದು ನೀಲಗಿರಿ ಮರದ ದಯೆಯಿಂದ.

ನೀಲಗಿರಿ ಅಂದರೆ ಕೋಲಾರದ ಕಡೆಯವರ ಕಿವಿ ನೆಟ್ಟಗಾಗುತ್ತದೆ, ನನಗೆ ಗೊತ್ತು. ಅಲ್ಲಿಗೆ ಅದು ಬಂದ ಕತೆಯೂ ಕೇಳುವಂಥದ್ದೇ. ಮೆನೆಲಿಕ್ ಚಕ್ರವರ್ತಿ 1886ರಲ್ಲಿ ಆಡಿಸ್ ಅಬಾಬಾ ಕಟ್ಟಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಸುತ್ತಲಿನ ಸೌದೆ ತೀರಿತು. ಅದಕ್ಕೆ ಮೊದಲಿನ ಅರಸರು ಹೀಗಾದಾಗ ರಾಜಧಾನಿಯನ್ನೇ ಕಿತ್ತುಕೊಂಡು ಬೇರೆ ಕಡೆ ಹೋಗುತ್ತಿದ್ದರು. ಮೆನೆಲಿಕ್ ಕೂಡ ಪಶ್ಚಿಮಕ್ಕೆ ಆಡಿಸ್ ಅಲೆಮ್ ಎಂಬಲ್ಲಿ ಅರಮನೆ ಎಬ್ಬಿಸಿದ. ಅಷ್ಟರಲ್ಲಿ 1890ರ ದಶಕದಲ್ಲಿ ತರಿಸಿದ್ದ ಆಸ್ಟ್ರೇಲಿಯಾದ ನೀಲಗಿರಿ ಸಸಿಗಳು ಬೆಳೆದು ಸೌದೆಯಾದವು, ರಾಜಧಾನಿ ಇದ್ದಲ್ಲೇ ಉಳಿಯಿತು. ಹೊಸ ಅರಮನೆ ಮರಿಯಮ್ಮನ ಇಗರ್ಜಿಯಾಯಿತು. ಬೇಗ ಬೆಳೆಯುವ ಈ ಮರಕ್ಕೆ ಗಿರಾಕಿ ಸದಾ ಇರುತ್ತಾನೆ. ಇಗರ್ಜಿಗೆ ದುಡ್ಡು ಬೇಕಾದಾಗ ಅಂಚಿನಲ್ಲಿ ನಾಲ್ಕು ಸಾಲು ನೀಲಗಿರಿ ನೆಟ್ಟು, ಕಡಿದು ಮಾರುವುದು ರೂಢಿಯಾಯಿತು.

ದುಡ್ಡು ಏಕೆ ಬೇಕಾಯಿತು ಎಂಬುದಕ್ಕೂ ಒಂದು ತಾರೀಕಿದೆ. 1974ರಲ್ಲಿ ಹೈಲೆ ಸೆಲಾಸಿ ಚಕ್ರವರ್ತಿಯನ್ನು ಕೆಳಗಿಳಿಸಿದ ದೆರ್ಗ್ ಎಂಬ ಸೇನಾ ಸಮಿತಿ ಮರುವರ್ಷದ ಮಾರ್ಚ್‌ನಲ್ಲಿ ಹಳ್ಳಿಗಾಡಿನ ಭೂಮಿಯನ್ನೆಲ್ಲ ಸರ್ಕಾರದ್ದೆಂದು ಘೋಷಿಸಿತು. ದೊಡ್ಡ ಜಮೀನುದಾರನಾಗಿದ್ದ ಸಭೆ ಒಂದೇ ಏಟಿಗೆ ಉಂಬಳಿಗಳನ್ನೆಲ್ಲ ಕಳೆದುಕೊಂಡಿತು. ಅದರ ಪಿತೃಪ್ರಧಾನ ಅಬುನ ತೆಯೊಫಿಲೊಸ್ ಅವರನ್ನು ಪದಚ್ಯುತಗೊಳಿಸಿ, ಸೆರೆಯಲ್ಲಿಟ್ಟು, 1979ರಲ್ಲಿ ಕೊಂದರು. ಉಳುವ ಹೊಲವೆಲ್ಲ ರೈತ ಸಂಘಗಳ ಕೈಗೆ ಹೋಯಿತು. ಸಭೆಯ ಕೈಯಲ್ಲಿ ಉಳಿದದ್ದು ಕಟ್ಟಡ ಮತ್ತು ಅದರ ಸುತ್ತಲಿನ ಮರ. ರೈತನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ನಾಸ್ತಿಕರ ಸರ್ಕಾರ, ಭೂಮಿಗೆ ಹಸಿದ ರೈತರು, ಆಮೇಲೆ 1984ರ ಬರಗಾಲ. ಮರ ಕಡಿದು ಮಾರಲು ಇದಕ್ಕಿಂತ ಕಾರಣ ಬೇಕೆ? ಆದರೂ ಆ ಹಸಿರು ಬೊಟ್ಟುಗಳು ಉಳಿದವು. ಕಾವಲಿಗೆ ಅರಣ್ಯ ಇಲಾಖೆ ಇರಲಿಲ್ಲ. ಒಳಗೆ ತಾಬೊತ್ ಇತ್ತು.

ಈಗ ಸ್ವಲ್ಪ ದೂರ ಹೋಗಬೇಕು, ಅಮೆರಿಕಕ್ಕೆ. ಏಕೆಂದರೆ ಕ್ರೈಸ್ತ ಸಭೆಗಳು ಮತ್ತು ಪರಿಸರ ಎಂಬ ಮಾತಿಗೆ ಇವತ್ತು ಇರುವ ಬಿಸಿ ಹುಟ್ಟಿದ್ದು ಅಲ್ಲಿ. 1966ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ ಕಳೆದ ಮರುದಿನ, ಲಿನ್ ವೈಟ್ ಎಂಬ ಇತಿಹಾಸಕಾರ ವಾಷಿಂಗ್ಟನ್ನಿನಲ್ಲಿ ವಿಜ್ಞಾನಿಗಳ ಮುಂದೆ ಒಂದು ಉಪನ್ಯಾಸ ಕೊಟ್ಟ. ಮೂರು ತಿಂಗಳ ಬಳಿಕ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮಧ್ಯಯುಗದ ನೇಗಿಲು, ಗಾಳಿಗಿರಣಿ, ರಿಕಾಪುಗಳ ಮೇಲೆ ಜೀವಮಾನವೆಲ್ಲ ಕೆಲಸ ಮಾಡಿದವ ಆತ. ಅವನ ವಾದ ಇಷ್ಟು: ಪರಿಸರದ ಇಂದಿನ ಬಿಕ್ಕಟ್ಟಿನ ಬೇರು ಪಶ್ಚಿಮದ ಕ್ರೈಸ್ತ ಧರ್ಮದಲ್ಲಿದೆ. ಮನುಷ್ಯನನ್ನು ಸೃಷ್ಟಿಯ ಯಜಮಾನನನ್ನಾಗಿ ಕೂರಿಸಿ, ಮರ, ಬೆಟ್ಟ, ಊಟೆಗಳಲ್ಲಿದ್ದ ದೈವಗಳನ್ನು ಓಡಿಸಿದ ಮೇಲೆ ಅವುಗಳನ್ನು ಬಳಸಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಎರಡು ಸಾವಿರ ವರ್ಷಗಳಿಂದ ಮಿಷನರಿಗಳು ದೇವರಕಾಡುಗಳನ್ನು ಕಡಿಯುತ್ತಲೇ ಬಂದಿದ್ದಾರೆ ಎಂದೂ ಆತ ಬರೆದ. ಸುಳ್ಳಲ್ಲ. ಎಂಟನೆಯ ಶತಮಾನದಲ್ಲಿ ಸಂತ ಬೋನಿಫೇಸ್ ಜರ್ಮನಿಯ ಗೈಸ್ಮಾರಿನಲ್ಲಿ ಗುಡುಗಿನ ದೇವರ ಓಕ್ ಮರ ಉರುಳಿಸಿ, ಅದರ ಹಲಗೆಯಿಂದಲೇ ಪ್ರಾರ್ಥನಾ ಮಂದಿರ ಕಟ್ಟಿದ ಕತೆಯನ್ನು ಅವನ ಭಕ್ತರೇ ಹೆಮ್ಮೆಯಿಂದ ಬರೆದಿಟ್ಟಿದ್ದಾರೆ.

ವೈಟ್ ಹೊರಗಿನವನಾಗಿದ್ದರೆ ಸಭೆಗಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದವೇನೋ. ಆತ ಸ್ವತಃ ಕ್ರೈಸ್ತ. ಬರಹದ ಕೊನೆಗೆ ಅಸ್ಸಿಸಿಯ ಸಂತ ಫ್ರಾನ್ಸಿಸನನ್ನು ಪರಿಸರದ ಪೋಷಕ ಸಂತನೆಂದು ಸಾರಬೇಕೆಂದೂ ಸೂಚಿಸಿದ. ಪೋಪ್ ಎರಡನೆಯ ಜಾನ್ ಪಾಲ್ 1979ರಲ್ಲಿ ಅದನ್ನೇ ಮಾಡಿದರು. ಆಮೇಲೆ ಒಂದರ ಹಿಂದೊಂದು. ಸಭೆಗಳ ಜಾಗತಿಕ ಮಂಡಳಿ 1983ರ ವ್ಯಾಂಕೂವರ್ ಮಹಾಸಭೆಯಲ್ಲಿ ನ್ಯಾಯ, ಶಾಂತಿಗಳ ಸಾಲಿಗೆ ಸೃಷ್ಟಿಯನ್ನೂ ಸೇರಿಸಿತು. 1989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನ ದಿಮಿತ್ರಿಯೊಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಮಾಡಿದರು. ಅವರ ನಂತರ ಬಂದ ಬಾರ್ಥಲೊಮಿಯೊ 1997ರಲ್ಲಿ ಪ್ರಕೃತಿಗೆ ಮಾಡುವ ಅಪರಾಧ ಪಾಪವೇ ಎಂದು ನೇರವಾಗಿ ಹೇಳಿದರು. ಪೋಪ್ ಫ್ರಾನ್ಸಿಸ್ 2015ರ ಜೂನ್‌ನಲ್ಲಿ ಹೊರಡಿಸಿದ ‘ಲೌದಾತೊ ಸಿ’ ಸುತ್ತೋಲೆ ಆ ವರ್ಷದ ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಮುಂಚೆ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ಇವುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಗದದಲ್ಲಿ ಬರೆದ ಉದ್ದೇಶ ನೆಲಕ್ಕಿಳಿಯುವುದು ಎಷ್ಟು ಕಷ್ಟ ಎಂಬುದು ಇಪ್ಪತ್ತು ವರ್ಷ ಪ್ರಾಜೆಕ್ಟ್ ನಡೆಸಿದವನಿಗೆ ಗೊತ್ತಿರುತ್ತದೆ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಹೆಸರು ನಮ್ಮ ದೇಶದ್ದು. ಪೌಲೋಸ್ ಮಾರ್ ಗ್ರಿಗೋರಿಯೋಸ್. ಕೇರಳದವರು, ನನ್ನ ಸಹೋದ್ಯೋಗಿಯ ಸಭೆಯವರು, ಮುಂದೆ ದೆಹಲಿಯ ಧರ್ಮಾಧ್ಯಕ್ಷರಾದವರು. ಹರೆಯದಲ್ಲಿ, 1947ರಲ್ಲಿ, ಮೇಷ್ಟ್ರಾಗಿ ಇಥಿಯೋಪಿಯಾಕ್ಕೆ ಹೋದರು. ಮುಂದೆ ಮತ್ತೆ ಹೋಗಿ ಹೈಲೆ ಸೆಲಾಸಿಯ ಆಪ್ತ ಸಹಾಯಕರಾಗಿದ್ದರು. 1965ರ ಜನವರಿಯಲ್ಲಿ ಚಕ್ರವರ್ತಿ ಆಡಿಸ್ ಅಬಾಬಾದಲ್ಲಿ ಈ ಪ್ರಾಚ್ಯ ಸಭೆಗಳ ಮುಖ್ಯಸ್ಥರನ್ನೆಲ್ಲ ಒಂದೆಡೆ ಸೇರಿಸಿದಾಗ ಕಾಪ್ಟಿಕ್, ಸಿರಿಯನ್, ಅರ್ಮೇನಿಯನ್ನರ ಜೊತೆ ನಮ್ಮ ಮಲಂಕರದವರೂ ಕೂತಿದ್ದರು. ನೆಂಟರು ಅಂದದ್ದು ಇದಕ್ಕೆ. ಗ್ರಿಗೋರಿಯೋಸ್ 1978ರಲ್ಲಿ ‘ದಿ ಹ್ಯೂಮನ್ ಪ್ರೆಸೆನ್ಸ್’ ಎಂಬ ಪುಸ್ತಕ ಬರೆದರು. ವೈಟ್‌ನ ಆರೋಪಕ್ಕೆ ಪಶ್ಚಿಮದ ಸಭೆಗಳು ಕೊಡುತ್ತಿದ್ದ ಉತ್ತರ, ಮನುಷ್ಯ ಯಜಮಾನನಲ್ಲ, ಉಸ್ತುವಾರಿ ನೋಡುವವನು ಅನ್ನುವುದು. ಗ್ರಿಗೋರಿಯೋಸರಿಗೆ ಅದು ಸಾಲದು. ಉಸ್ತುವಾರಿಯವನಿಗೂ ಸೃಷ್ಟಿ ಒಂದು ಸೊತ್ತೇ, ಲೆಕ್ಕ ಬೇರೆಯವರಿಗೆ ಒಪ್ಪಿಸಬೇಕು ಅಷ್ಟೆ. ಮನುಷ್ಯನ ಜಾಗ ಆರಾಧನೆಯ ನಡುವೆ, ಸೃಷ್ಟಿಯನ್ನು ದೇವರ ಮುಂದೆ ಎತ್ತಿ ಹಿಡಿಯುವ ಪುರೋಹಿತನ ಜಾಗ ಎಂಬ ದಾರಿಯಲ್ಲಿ ಅವರ ಯೋಚನೆ ಸಾಗುತ್ತದೆ. ಇಥಿಯೋಪಿಯಾದ ಆ ಮರಗಳ ಕೆಳಗೆ ಅವರು ಎಷ್ಟೋ ಭಾನುವಾರ ನಿಂತಿರಬೇಕು ಎಂದು ನನ್ನ ಊಹೆ.

ವೈಟ್ ಪಶ್ಚಿಮದ ಕ್ರೈಸ್ತರನ್ನೇ ಬೊಟ್ಟು ಮಾಡಿದ್ದ, ಪೂರ್ವದವರ ದಾರಿ ಬೇರೆ ಎಂದೂ ಹೇಳಿದ್ದ. ಹಾಗಿದ್ದರೂ ಅವನ ವಾದಕ್ಕೆ ಗೊಂಡರಿನ ಹಸಿರು ಬೊಟ್ಟುಗಳಿಗಿಂತ ಗಟ್ಟಿಯಾದ ಎದುರುತ್ತರ ನನಗೆ ಕಂಡಿಲ್ಲ. ಹಾಗಂತ ಅವುಗಳನ್ನು ‘ಪರಿಸರ ಪ್ರಜ್ಞೆ’ಗೆ ಉದಾಹರಣೆ ಮಾಡುವುದೂ ತಪ್ಪು. ಯಾರೂ ಅಲ್ಲಿ ಕಾಡು ಉಳಿಸಲು ಹೊರಟಿರಲಿಲ್ಲ. ಉಳಿಸಬೇಕಿದ್ದದ್ದು ಒಳಗಿನ ಹಲಗೆಯ ಪಾವಿತ್ರ್ಯ, ಮರ ಅದರ ಮುಸುಕು. ಸ್ಕಲ್ ಅವರ ಜೊತೆಗಾರ್ತಿ, ಜೀವವಿಜ್ಞಾನಿ ಕ್ಯಾಥರೀನ್ ಕಾರ್ಡೆಲೂಸ್ ಮತ್ತವರ ತಂಡ ಇದಕ್ಕೆ ‘ನೆರಳಿನ ಸಂರಕ್ಷಣೆ’ ಎಂಬರ್ಥದ ಹೆಸರಿಟ್ಟಿದೆ. ಬೇರೆ ಯಾವುದೋ ಉದ್ದೇಶದ ನೆರಳಿನಲ್ಲಿ ತಾನಾಗಿ ಉಳಿದದ್ದು. ಹೊಲಕ್ಕೆ ಈ ಕಾವಲು ಇರಲಿಲ್ಲ ಎಂಬುದನ್ನೂ ಮರೆಯಬಾರದು. ಅದೇ ಪಾದ್ರಿ, ಅದೇ ರೈತ, ಅದೇ ಧರ್ಮ. ಬೇಲಿಯ ಒಳಗೆ ಕಾಡು, ಹೊರಗೆ ಬೋಳು.

ಹಾಗೆ ತಾನಾಗಿ ಉಳಿದದ್ದರ ಬೆಲೆ ಮೊದಲು ಲೆಕ್ಕ ಹಾಕಿದವರು ಅದೇ ಸೀಮೆಯ ಮಗ. ಅಲೆಮಾಯೆಹು ವಾಸ್ಸಿಯೆ ಅರಣ್ಯ ವಿಜ್ಞಾನಿ, ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ 2007ರಲ್ಲಿ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧಕ್ಕೆ ಈ ಕಾಡುಗಳನ್ನೇ ಆರಿಸಿಕೊಂಡರು. ಅವರ ತಂಡ 28 ಇಗರ್ಜಿಗಳ ಕಾಡು ಅಳೆಯಿತು. ಚಿಕ್ಕದು 1.6 ಹೆಕ್ಟೇರ್, ದೊಡ್ಡದು 100. ಒಟ್ಟು 168 ಜಾತಿಯ ಮರ, ಪೊದೆ, ಬಳ್ಳಿ. ಅವುಗಳಲ್ಲಿ 160 ಆ ನಾಡಿನವೇ. ನನ್ನನ್ನು ಕಾಡಿದ್ದು ಅವರ ಇನ್ನೊಂದು ಅಧ್ಯಯನ. ಮಣ್ಣು ತೆಗೆದು ಅದರಲ್ಲಿ ಮಲಗಿರುವ ಬೀಜ ಎಣಿಸಿದಾಗ, ಮೇಲೆ ನಿಂತ ಮರಗಳಲ್ಲಿ ಹೆಚ್ಚಿನವುಗಳ ಬೀಜ ಕೆಳಗೆ ಇರಲೇ ಇಲ್ಲ. ಅಂದರೆ ಒಮ್ಮೆ ಮರ ಕಡಿದರೆ ಮಣ್ಣು ಅದನ್ನು ನೆನಪಿಟ್ಟುಕೊಂಡು ಮತ್ತೆ ಹುಟ್ಟಿಸುವುದಿಲ್ಲ. ದನ ನುಗ್ಗಿ ಸಸಿ ಮೇಯ್ದರೆ ಮುಂದಿನ ತಲೆಮಾರಿನ ಮರವೂ ಇಲ್ಲ. ಮಳೆ ಹೊತ್ತುಗೊತ್ತು ತಪ್ಪುತ್ತಿರುವ ಕಾಲದಲ್ಲಿ ಬೆಟ್ಟಗಳಿಗೆ ಮತ್ತೆ ಮರ ಹಬ್ಬಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. 2019ರ ಜುಲೈ 29ರಂದು ಒಂದೇ ದಿನ 35 ಕೋಟಿ ಸಸಿ ನೆಟ್ಟೆವೆಂದು ಇಥಿಯೋಪಿಯಾ ಸರ್ಕಾರ ಸಾರಿಕೊಂಡಿತು. ಎಣಿಸಿದವರು ಯಾರೋ ನಾನರಿಯೆ. ಆದರೆ ಆ ಸೀಮೆಯ ಹಳೆಯ ಮರಗಳ ಬೀಜ ಬೇಕಾದರೆ ಹೋಗಬೇಕಾದ್ದು ಇಗರ್ಜಿಯ ಅಂಗಳಕ್ಕೇ.

ಮರದ ತುದಿಗಳನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಇವರ ಜೊತೆ ಸೇರಿದರು. ಇಬ್ಬರೂ ಪಾದ್ರಿಗಳನ್ನು ಕೂರಿಸಿಕೊಂಡು ಉಪಗ್ರಹದ ಚಿತ್ರ ತೋರಿಸಿದರು. ಹುಟ್ಟಿದಂದಿನಿಂದ ಕಾಡನ್ನು ಕೆಳಗಿನಿಂದ, ಒಳಗಿನಿಂದ ನೋಡಿದ್ದ ಆ ಹಿರಿಯರಿಗೆ ಮೇಲಿನಿಂದ ಅದೊಂದು ಬೊಟ್ಟು ಎಂಬುದು ಆಗಲೇ ಕಂಡದ್ದು. ಏನು ಮಾಡಬೇಕು ಎಂಬುದು ಅಲ್ಲಿನವರಿಗೇ ಹೊಳೆಯಿತು: ಗೋಡೆ. ಹೊಲದಲ್ಲಿ ಬಿದ್ದ ಕಲ್ಲುಗಳನ್ನು ಆಯ್ದು, ಸಿಮೆಂಟಿಲ್ಲದೆ ಒಂದರ ಮೇಲೊಂದು ಪೇರಿಸಿದ ಪಾಗಾರ. ರೈತನ ಹೊಲದ ಕಲ್ಲು ಖಾಲಿಯಾಗುತ್ತದೆ, ದನ ಹೊರಗುಳಿಯುತ್ತದೆ, ಎರಡು ಮಳೆ ಕಳೆದರೆ ಒಳಗೆ ಸಸಿ ಏಳುತ್ತದೆ. ಇಷ್ಟು ಕಡಿಮೆ ಖರ್ಚಿನ, ಇಷ್ಟು ಅಚ್ಚುಕಟ್ಟಾದ ಪರಿಹಾರವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಹತ್ತಾರು ಇಗರ್ಜಿಗಳಿಗೆ ಹೀಗೆ ಗೋಡೆ ಬಂತು. 2023ರಿಂದ ಆ ಅಮ್ಹಾರಾ ಪ್ರಾಂತದಲ್ಲಿ ಸೇನೆಗೂ ಸ್ಥಳೀಯ ಸಶಸ್ತ್ರ ಗುಂಪುಗಳಿಗೂ ಕಾಳಗ ನಡೆದಿದೆ.

ಗೋಡೆ ದನವನ್ನು ತಡೆಯುತ್ತದೆ, ಒಳಗಿರುವವರನ್ನು ತಡೆಯುವುದಿಲ್ಲ. ಸಂಶೋಧಕರು ಪಟ್ಟಿ ಮಾಡುವ ಹೊಸ ತೊಂದರೆಗಳಲ್ಲಿ ದೊಡ್ಡವು ಭಕ್ತಿಯಿಂದಲೇ ಬಂದವು. ಹಳೆಯ ಮಣ್ಣಿನ ದುಂಡು ಇಗರ್ಜಿ ಸಾಲದಾಗಿ ಪಕ್ಕದಲ್ಲಿ ದೊಡ್ಡ ಹೊಸ ಕಟ್ಟಡ ಏಳುತ್ತದೆ. ಅದಕ್ಕೆ ಜಾಗ ಬೇಕು, ಮರ ಹೋಗುತ್ತದೆ. ಮೊದಲು ಮಣ್ಣಿನಡಿ ಸೇರಿ ಹುಲ್ಲಾಗುತ್ತಿದ್ದ ಸಮಾಧಿಗಳ ಮೇಲೆ ಈಗ ಸಿಮೆಂಟಿನ ಪುಟ್ಟ ಮನೆಗಳು. ದುಡ್ಡು ಬರುವುದು ಭಕ್ತರಿಂದ, ಮುಖ್ಯವಾಗಿ ಒಂದಿಷ್ಟು ಕೈಯಾಡುವವರಿಂದ. ಊರು ಬಿಟ್ಟವರಿಗೆ ಊರಿನ ದೇವರ ಮನೆ ಚೆನ್ನಾಗಿ ಕಾಣಬೇಕೆಂಬ ಆಸೆ ಎಲ್ಲ ಕಡೆಯೂ ಒಂದೇ ಇರಬಹುದು. ದೆರ್ಗ್‌ನ ಕಾಲವನ್ನೂ ಬರಗಾಲವನ್ನೂ ದಾಟಿ ಬಂದ ಮರಕ್ಕೆ ಈಗ ಅನುಕೂಲಸ್ಥರ ಕಾಲ ಬಂದಿದೆ.

ನಮ್ಮ ಬನದಲ್ಲಿ ಎರಡು ಸುರಗಿ, ಒಂದು ದೊಡ್ಡ ರೆಂಜೆ, ಒಂದು ಹೊನ್ನೆ ಮರ ಇದ್ದವು. ಇನ್ನೆಷ್ಟೋ ಬಳ್ಳಿಗಳಿಗೆ ನನಗೆ ಹೆಸರು ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅದರೊಳಗೆ ಕಾಲಿಡಲು ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಭಟ್ಟರ ಹಿಂದೆ ಬಗ್ಗಿಕೊಂಡು ಹೋಗಿ, ಹಾಲೆರೆದು, ಹಿಂದಿರುಗಿ ನೋಡದೆ ಬರಬೇಕಿತ್ತು. ಈಗ ಗ್ರಾನೈಟಿನ ಕಟ್ಟೆ, ಸುತ್ತ ಇಂಟರ್‌ಲಾಕ್, ಸ್ಟೀಲಿನ ಕಂಬಿ, ಹಣ ಕೊಟ್ಟವರ ಹೆಸರಿನ ಕಲ್ಲು. ಅದರಲ್ಲಿ ಹನ್ನೊಂದನೆಯದು ನನ್ನದು.

ಈ ಸಲ ನಾಗರಪಂಚಮಿ ಮುಗಿದ ಸಂಜೆ ಅಮ್ಮ ಫೋನ್ ಮಾಡಿದ್ದಳು. ಆವತ್ತು ಬಿಸಿಲು ಬಿದ್ದಿತ್ತಂತೆ. ಹೊತ್ತೇರಿದ ಮೇಲೆ ಕಲ್ಲು ಕಾದು ಯಾರಿಗೂ ಬರಿಗಾಲಲ್ಲಿ ನಿಲ್ಲಲಾಗಲಿಲ್ಲ, ಭಟ್ಟರು ಗೋಣಿ ನೆನೆಸಿ ಹಾಸಿಕೊಂಡು ಪೂಜೆ ಮುಗಿಸಿದರು ಎಂದಳು. ಮರುವಾರ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸಮಿತಿಯ ಸಂದೇಶ ಬಂತು: ಬನಕ್ಕೆ ನೆರಳಿನ ವ್ಯವಸ್ಥೆಗಾಗಿ ತಗಡಿನ ಮಾಡು ಹಾಕಿಸುವುದೆಂದು ನಿಶ್ಚಯಿಸಲಾಗಿದೆ, ಎಲ್ಲರೂ ಕೈಲಾದಷ್ಟು ಸಹಕರಿಸಬೇಕು. ಅಣ್ಣನಿಗೆ ಬೇರೆಯಾಗಿ ಬರೆದೆ, ಮಾಡಿನ ಬದಲು ಸುತ್ತ ನಾಲ್ಕು ಸುರಗಿ ಗಿಡ ನೆಟ್ಟರಾಗದೇ ಅಂತ. ಅವನು ಕೂಡಲೇ ಉತ್ತರಿಸಿದ:

‘ಬೇರ್ ಹೋಯಿ ಕಟ್ಟಿ ಒಡಿತ್ತ್ ಮಾರಾಯ.’